ಹುಳದ ಮನೆಯ ಒಳಚಿಲಕ

ಶಾಗ್ಯದ ಪುಟ್ಟಗೌರಮ್ಮನ ಹುಳದ ಮನೆಗೆ ಹೊರಗಿನವರು ಕಾಲಿಡುವಂತಿರಲಿಲ್ಲ. ರೇಷ್ಮೆ ಇಲಾಖೆಯ ಸಾಹೇಬರೇ ಬರಲಿ, ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನ ಬಾಂಡಲಿಯಲ್ಲಿ ಕಾಲು ಅದ್ದಿ, ಕೈ ತೊಳೆದು, ಹೊಸ್ತಿಲಾಚೆಯಿಂದಲೇ ಇಣುಕಿ ಹೋಗಬೇಕು. ಹೊಗೆಸೊಪ್ಪು ಹಾಕುವವರಿಗೆ ಪ್ರವೇಶವಿಲ್ಲ, ಸೆಂಟು ಬಳಿದುಕೊಂಡವರಿಗೂ ಇಲ್ಲ. "ಏನ್ ಸಾ, ನಿಮ್ ಗಮಲಿಗೆ ನನ್ ಉಳ ಮೇವು ಬುಟ್ರೆ ನೀವು ತುಂಬ್ಕೊಟ್ಟೀರಾ?" ಎಂದು ಮುಖಕ್ಕೆ ಹೊಡೆದಂತೆ ಕೇಳುವ ಹೆಂಗಸು ಆಕೆ. ಮುಟ್ಟಾದ ಹೆಂಗಸರಂತೂ ಆ ಗೋಡೆಯ ಪಕ್ಕಕ್ಕೂ ಸುಳಿಯಬಾರದು. ಈ ಕಟ್ಟಲೆಯನ್ನು ಆಕೆ ಮಾಡಿದ್ದಲ್ಲ, ಆಕೆಯ ಅತ್ತೆ ಮಾಡಿದ್ದೂ ಅಲ್ಲ. ಆ ಸೀಮೆಯಲ್ಲಿ ಹುಳ ಸಾಕುವ ಎಷ್ಟೋ ಮನೆಗಳಲ್ಲಿ ಹಿಂದಿನಿಂದ ನಡೆದುಕೊಂಡು ಬಂದದ್ದು. ಸರಿಯೋ ತಪ್ಪೋ ಎಂದು ಪುಟ್ಟಗೌರಮ್ಮ ಯಾವತ್ತೂ ತಲೆ ಕೆಡಿಸಿಕೊಂಡಿರಲಿಲ್ಲ.

ಇಷ್ಟೆಲ್ಲ ಕಟ್ಟುನಿಟ್ಟಿನ ಮನೆಗೆ ಸಲೀಸಾಗಿ ಹೋಗಿಬರುತ್ತಿದ್ದ ಹೊರಗಿನವನು ಒಬ್ಬನೇ ಒಬ್ಬ, ಆಕೆಯ ತಮ್ಮ ಮಾದಸ್ವಾಮಿ. ಅವ್ವ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುವ ಕೂಸು. ಪುಟ್ಟಗೌರಮ್ಮ ಸೊಂಟದ ಮೇಲೆ ಹೊತ್ತು ಸಾಕಿದಳು, ಮದುವೆಯಾಗಿ ಶಾಗ್ಯಕ್ಕೆ ಬರುವಾಗ ಅವನನ್ನು ಬಿಟ್ಟು ಬಂದೆನೆಂದು ವಾರಗಟ್ಟಲೆ ಅತ್ತಳು. ಈಗ ಅವನು ರಾಮಾಪುರದಲ್ಲಿ ಚಾಕಿ ಹುಳದ, ಎಂದರೆ ಮೊಟ್ಟೆಯೊಡೆದ ಎಳೆಯ ಹುಳದ, ವ್ಯಾಪಾರ ಮಾಡುತ್ತಾನೆ. ಮರಿ ಹುಳಗಳನ್ನು ಅಕ್ಕನ ಮನೆಗೆ ತಂದುಹಾಕುವವನು ಅವನೇ. ಹುಳ ಹಣ್ಣಾದಾಗ ಗೂಡು ಕಟ್ಟಿಸಲು ಬೇಕಾದ ಬಿದಿರಿನ ಚಂದ್ರಿಕೆಗಳನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬರುವವನೂ ಅವನೇ. ಗೌರಿ ಹಬ್ಬಕ್ಕೆ ಒಂದು ವರ್ಷವೂ ತಪ್ಪದೆ ಬಾಗಿನ ತರುತ್ತಿದ್ದ. ಪುಟ್ಟಗೌರಮ್ಮ ಆ ಮೊರವನ್ನು ಬೀದಿಯ ಹೆಂಗಸರಿಗೆಲ್ಲ ಕಾಣುವ ಹಾಗೆ ಜಗಲಿಯ ಮೇಲಿಡುತ್ತಿದ್ದಳು. ಒಬ್ಬನೇ ತಮ್ಮ, ಹೆಮ್ಮೆ ಇರುವುದಿಲ್ಲವೇ?

ಹಿಂದಿನ ವರ್ಷ ಊಜಿ ನೊಣ ಹುಳಕ್ಕೆ ಬಿದ್ದು ಅರ್ಧ ಬೆಳೆ ಹಾಳಾಗಿತ್ತು. ಆಗ ಮಾದಸ್ವಾಮಿಯೇ ಬಂದು ಕಿಟಕಿಗಳಿಗೆ ಸೊಳ್ಳೆ ಬಲೆ ಬಡಿದ, ಬಾಗಿಲಿಗೆ ಒಳಗಡೆಯಿಂದ ಒಂದು ಚಿಲಕ ಹಾಕಿಸಿದ. "ಗಾಳಿಗೆ ಬಾಗ್ಲು ತಕ್ಕತದೆ ಕಣಕ್ಕ, ನೊಣ ನುಗ್ತವೆ. ಒಳ್ಗಿದ್ದೋರು ಚಿಲ್ಕ ಆಕ್ಕಂಡು ಕೆಲ್ಸ ಮಾಡ್ಬೇಕು" ಎಂದ. ಪುಟ್ಟಗೌರಮ್ಮ ಅದನ್ನು ನೆರೆಮನೆಯ ಮಾದೇವಮ್ಮನಿಗೂ ತೋರಿಸಿ, ನನ್ನ ತಮ್ಮನ ತಲೆಯೇ ತಲೆ ಎಂದು ಹೊಗಳಿಕೊಂಡಿದ್ದಳು.

ಸೊಸೆ ಕೋಮಲ ಯಳಂದೂರು ಕಡೆಯ ಹುಡುಗಿ. ಮಗ ರಂಗರಾಜು ಹನೂರಿನಲ್ಲಿ ಲೈನ್‌ಮನ್. ಮದುವೆಯಾಗಿ ಬಂದ ಹೊಸದರಲ್ಲಿ ಕೋಮಲಳಿಗೆ ಹುಳ ಮುಟ್ಟಲು ಅಸಹ್ಯ. ಅಂಗೈ ಮೇಲೆ ಬಿಟ್ಟರೆ ಕಿರುಚಿ ಕುಣಿಯುತ್ತಿದ್ದಳು. ಆಮೇಲೆ ನೋಡಿ, ಅತ್ತೆಯನ್ನೇ ಮೀರಿಸುವಷ್ಟು ಕಲಿತಳು. ಸೊಪ್ಪು ಹಾಕುತ್ತ ಹುಳಗಳ ಜೊತೆ ಮಾತಾಡುವಳು, ಸುಮ್ಮಸುಮ್ಮನೆ ನಗುವಳು. "ಉಳಕ್ಕೆ ಕಿವಿ ಇಲ್ಲ ಕಣೆ ಕೂಸೆ" ಎಂದು ಪುಟ್ಟಗೌರಮ್ಮ ಗದರಿದರೂ ಆಕೆಗೂ ಒಳಗೊಳಗೇ ಖುಷಿ.

ಅಂಥ ಹುಡುಗಿ ಗೌರಿ ಹಬ್ಬ ಕಳೆದ ಮೇಲೆ ಬೇರೆಯೇ ಆಗಿಹೋದಳು. ದಿನಾ ತಲೆಗೆ ನೀರು ಹಾಕಿಕೊಳ್ಳುವಳು, ಅದೂ ಕೊರೆಯುವ ತಣ್ಣೀರು. ಊಟಕ್ಕೆ ಕೂತರೆ ಮುದ್ದೆ ಮುರಿಯುತ್ತ ಕೂರುವಳೇ ಹೊರತು ನುಂಗುವುದು ಕಾಣದು. ಬೀದಿಯಲ್ಲಿ ಗೂಡ್ಸ್ ಆಟೋ ಸದ್ದಾದರೆ ಕೈಯಲ್ಲಿದ್ದ ಪಾತ್ರೆ ಜಾರಿ ಬೀಳುವುದು. ರಂಗರಾಜು ಹತ್ತಿರ ಬಂದರೂ ಬೆಚ್ಚುವಳು. ಅವನು ಪಾಪ, ತಾನೇನು ತಪ್ಪು ಮಾಡಿದೆನೋ ಎಂದು ಸಪ್ಪಗಾಗಿ ಜಗಲಿಯಲ್ಲಿ ಮಲಗತೊಡಗಿದ.

ಇವೆಲ್ಲಕ್ಕಿಂತ ಪುಟ್ಟಗೌರಮ್ಮನಿಗೆ ದಿಗಿಲಾದದ್ದು ಇನ್ನೊಂದಕ್ಕೆ. ಮನೆಗೆ ಮರಿ ಹುಳ ಬಂತೆಂದರೆ ಸಾಕು, ಸೊಸೆ ಮೂಲೆಯಲ್ಲಿ ಚಾಪೆ ಹಾಸಿಕೊಂಡು, "ಮುಟ್ಟಾಗಿವ್ನಿ ಕಣತ್ತೆ" ಎನ್ನುವಳು. ಹುಳ ಪೊರೆ ಬಿಡುವ ಒಂದು ಜ್ವರ ಎದ್ದು ಇನ್ನೊಂದು ಜ್ವರಕ್ಕೆ ಹೋದರೂ ಇವಳ ಮುಟ್ಟು ನಿಲ್ಲದು. ಗೂಡು ಮಾರುಕಟ್ಟೆಗೆ ಹೋದ ಮೇಲೇ ಅವಳು ಚಾಪೆ ಮಡಿಸುವುದು. ಮುಂದಿನ ಬೆಳೆಗೂ ಅದೇ ಕಥೆ.

"ಇದೇನವ್ವ ನಿಂದು, ಕೆರೆ ಕೋಡಿ ಬಿದ್ದಂಗೆ?" ಎಂದು ಪುಟ್ಟಗೌರಮ್ಮ ಕಂಗಾಲಾದಳು. ಬಾಳೆ ಹೂವಿನ ಪಲ್ಯ ಮಾಡಿ ತಿನ್ನಿಸಿದಳು. ದಾಸವಾಳದ ಮೊಗ್ಗು ಅರೆದು ಮಜ್ಜಿಗೆಯಲ್ಲಿ ಕುಡಿಸಿದಳು. ಮಾದಪ್ಪನಿಗೆ ಹರಕೆ ಕಟ್ಟಿದಳು. ಹುಡುಗಿಯ ಕೆನ್ನೆ ದಿನದಿನಕ್ಕೆ ಇಳಿದುಹೋಗುತ್ತಿದ್ದದ್ದು ನಿಜ, ಕಣ್ಣ ಸುತ್ತ ಕಪ್ಪುಗಟ್ಟಿದ್ದೂ ನಿಜ. ರಕ್ತವೆಲ್ಲ ಹೋಗಿ ಹೀಗಾಗಿದೆ ಎಂದು ಆಕೆ ತೀರ್ಮಾನ ಮಾಡಿಬಿಟ್ಟಳು. ಹುಳ ಸಾಕುವ ಮನೆಯ ಹೆಂಗಸಿಗೆ ಬೇರೆ ಯಾವ ಯೋಚನೆ ಬಂದೀತು, ನೀವೇ ಹೇಳಿ.

ಕೊನೆಗೆ ಕೊಳ್ಳೇಗಾಲದ ಲೇಡಿ ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರು ಪರೀಕ್ಷೆ ಮಾಡಿದರು, ಸ್ಕ್ಯಾನ್ ಮಾಡಿಸಿದರು, ರಕ್ತ ನೋಡಿದರು. "ಅಮ್ಮ, ನಿಮ್ಮ ಸೊಸೆಗೆ ಅಂಥ ಸ್ರಾವ ಏನೂ ಇಲ್ಲ. ಎಲ್ಲ ಸರಿಯಾಗೇ ಇದೆ. ನೀವು ಸ್ವಲ್ಪ ಹೊರಗೆ ಕೂತಿರಿ, ನಾನು ಇವರೊಬ್ಬರ ಹತ್ತಿರವೇ ಮಾತಾಡಬೇಕು" ಎಂದರು.

"ನನ್ ಮುಂದೆ ಆಡ್ದೇ ಇರೋ ಮಾತು ಏನದೆ ಡಾಕ್ಟ್ರೇ? ಇವ್ಳು ನನ್ ಸೊಸೆ" ಎಂದು ಪುಟ್ಟಗೌರಮ್ಮ ಕುರ್ಚಿ ಬಿಟ್ಟು ಏಳಲೇ ಇಲ್ಲ. ಡಾಕ್ಟರು ಕೋಮಲಳ ಮುಖ ನೋಡಿದರು. ಕೋಮಲ ನೆಲ ನೋಡಿದಳು. ಅಲ್ಲಿಗೆ ಅದು ಮುಗಿಯಿತು.

ವಾಪಸು ಬರುವ ಬಸ್ಸಿನಲ್ಲಿ ಪುಟ್ಟಗೌರಮ್ಮನಿಗೆ ಮೈಯೆಲ್ಲ ಉರಿ. ಹಾಗಾದರೆ ಇವಳು ಹೇಳಿದ್ದು ಸುಳ್ಳು! ಮುಟ್ಟೆಂದು ಸುಳ್ಳು ಹೇಳಿ ಮೂಲೆ ಹಿಡಿದು ಕೂತಿದ್ದಾಳೆ, ತಾನು ಬಾಳೆ ಹೂವು ಹುಡುಕಿಕೊಂಡು ಊರೆಲ್ಲ ಅಲೆದಿದ್ದೇನೆ! ಮನೆಯ ಅಂಗಳಕ್ಕೆ ಬರುವವರೆಗೂ ತಡೆದುಕೊಂಡಿದ್ದು ದೊಡ್ಡದು. "ಕೆಲ್ಸ ಮಾಡಾಕೆ ಮೈ ಬಗ್ಗಾಕಿಲ್ಲ ಅಂತ ಏಳ್ಬುಡು. ಅದ್ಕೆ ಮುಟ್ಟು ಯಾಕ್ ಬೇಕು? ನಾಳೀಕೆ ಉಳ ಅಣ್ಣಾಯ್ತವೆ. ನೀನು ಒಳಕ್ ಬರ್ದೇ ಇರು, ಆಮೇಲೆ ನೋಡ್ತೀನಿ" ಎಂದು ಕೂಗಾಡಿದಳು. ಕೋಮಲ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರನೆಯ ಬೆಳಿಗ್ಗೆ ಹುಳಗಳು ಮೇವು ಬಿಟ್ಟು ತಲೆ ಎತ್ತಿ ನಿಂತಿದ್ದವು. ಹುಳ ಹಣ್ಣಾದ ದಿನ ರೇಷ್ಮೆ ಮನೆಯವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಆರಿಸಿ ಆರಿಸಿ ಚಂದ್ರಿಕೆಗೆ ಬಿಡಬೇಕು, ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ರಂಗರಾಜು ಕೆಲಸಕ್ಕೆ ಹೋಗಿದ್ದ. ಗಂಡ ಪುಟ್ಟಸಿದ್ದಯ್ಯ, ಆ ಒಂದು ದಿನದ ಮಟ್ಟಿಗೆ ಕಾಲು ತೊಳೆಸಿ ಬಿಟ್ಟುಕೊಂಡ ಮಾದೇವಮ್ಮ, ಇನ್ನಿಬ್ಬರು ಕೂಲಿಯ ಹೆಂಗಸರು ಒಳಗೆ ಹುಳ ಆರಿಸುತ್ತಿದ್ದರು. ಮಾದಸ್ವಾಮಿ ಫೋನು ಮಾಡಿ, "ಚಂದ್ರಿಕೆ ಏರ್ಕಂಡು ಒಂಟಿವ್ನಿ ಕಣಕ್ಕ, ಇನ್ನೇನು ಬಂದೆ" ಎಂದಿದ್ದ.

ಪುಟ್ಟಗೌರಮ್ಮ ಒಳಮನೆಗೆ ಹೋಗಿ ಚಾಪೆಯ ಮೇಲಿದ್ದ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು. ಎಳೆದುಕೊಂಡೇ ಹಿತ್ತಿಲಿಗೆ ಬಂದಳು. ಹುಳದ ಮನೆಯ ಬಾಗಿಲವರೆಗೆ ಕೋಮಲ ಬಂದಳು. ಬಾಂಡಲಿಯ ನೀರಿನಲ್ಲಿ ಕಾಲಿಟ್ಟಳು. ಅಲ್ಲಿ ತೆರೆದಿದ್ದ ಬಾಗಿಲಿನ ಹಿಂಬದಿ ಕಣ್ಣಿಗೆ ಬಿದ್ದದ್ದೇ ತಡ, ಕಂಬ ತಬ್ಬಿ ಹಿಡಿದು ನಿಂತುಬಿಟ್ಟಳು. ಮೈ ಗಡಗಡ ನಡುಗುತ್ತಿತ್ತು. ಉಸಿರು ಒಳಕ್ಕೆ ಹೋದದ್ದು ಹೊರಕ್ಕೆ ಬರುತ್ತಿರಲಿಲ್ಲ. ತುಟಿ ನೀಲಿಗಟ್ಟಿತು, ಅಲ್ಲೇ ಬಗ್ಗಿ ವಾಂತಿ ಮಾಡಿಕೊಂಡಳು.

ಇದು ನಾಟಕವಲ್ಲ ಎಂದು ಪುಟ್ಟಗೌರಮ್ಮನಿಗೆ ಹೊಳೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೋಪವೆಲ್ಲ ಜರ್ರನೆ ಇಳಿಯಿತು. ಹುಡುಗಿಯನ್ನು ತೋಳಲ್ಲಿ ಆತುಕೊಂಡು ಪಕ್ಕದ ಸೊಪ್ಪಿನ ಕೊಠಡಿಗೆ ಕರೆತಂದು ಕೂರಿಸಿ, ಸೆರಗಿನಿಂದ ಬಾಯಿ ಒರೆಸಿದಳು.

"ಏನಾಯ್ತವ್ವ? ಏಳು ಕೂಸೆ, ಏನ್ ಕಂಡು ಎದ್ರುಕಂಡೆ?"

"ಆ ಚಿಲ್ಕ ಅತ್ತೆ" ಎಂದಳು ಕೋಮಲ. ಆಮೇಲೆ ಮಾತು ತುಂಡುತುಂಡಾಗಿ ಬಂತು. "ಗೌರಿ ಅಬ್ಬ ಆದ್ಮೇಲೆ ನೀವೆಲ್ಲ ಗೂಡು ಮಾರಾಕೆ ಕೊಳ್ಳೇಗಾಲಕ್ಕೆ ಓಗಿದ್ರಲ್ಲ, ಅವತ್ತು. ಮಾದಸ್ವಾಮಿ ಮಾವ ಚಂದ್ರಿಕೆ ವಾಪಸ್ ತಕ್ಕಂಡೋಗಾಕೆ ಬಂದ್ರು. ಬಾಗ್ಲು ತಗ್ದು ಕೊಡವ್ವ ಅಂತ ನೀವೇ ಪೋನ್ ಮಾಡಿದ್ರಿ. ನಾನು ಒಳಕ್ ಓದೆ. ಅವ್ರು ಇಂದ್ಲಿಂದ ಬಂದು ಚಿಲ್ಕ ಆಕ್ಬುಟ್ರು. ನಾನು ಕೂಗ್ದೆ ಅತ್ತೆ. ಬಾಯಿ ಮುಚ್ಚುದ್ರು. ಆಮೇಲೆ ನನ್ನ..."

ಅವಳ ದನಿ ಏರಿತು. ಗೋಡೆಯ ಆಚೆಗೇ ಗಂಡ, ನೆರೆಯವಳು, ಕೂಲಿಯವರು. ಪುಟ್ಟಗೌರಮ್ಮನ ಕೈ ತಾನೇ ಮುಂದೆ ಹೋಯಿತು. ಫಟ್ಟನೆ ಸೊಸೆಯ ಬಾಯಿ ಮುಚ್ಚಿತು.

ಮುಚ್ಚಿದ್ದೇ ಹುಡುಗಿಯ ನಡುಕ ನಿಂತುಹೋಯಿತು. ಕಣ್ಣು ಮುಚ್ಚಿಕೊಂಡಳು. ತಳ್ಳಲಿಲ್ಲ, ಕೊಸರಾಡಲಿಲ್ಲ. ಕುತ್ತಿಗೆ, ಭುಜ, ಕೈ ಎಲ್ಲ ಹಸಿ ಬಟ್ಟೆಯ ಹಾಗೆ ಜೋತುಬಿದ್ದವು. ಬಾಯಿ ಮೇಲೆ ಕೈ ಬಿದ್ದರೆ ಏನು ಮಾಡಬೇಕೆಂದು ಆ ಮೈಗೆ ಗೊತ್ತಾಗಿಹೋಗಿತ್ತು. ಪುಟ್ಟಗೌರಮ್ಮ ಬೆಂಕಿ ಮುಟ್ಟಿದವಳಂತೆ ಕೈ ಕಿತ್ತುಕೊಂಡಳು. ಇನ್ನು ಆಕೆಗೆ ಯಾವ ಸಾಕ್ಷಿಯೂ ಬೇಕಿರಲಿಲ್ಲ.

"ತಪ್ಪಾಯ್ತು ಕಣವ್ವ. ತಪ್ಪಾಯ್ತು. ಬುಟ್ಟೆ ನೋಡು, ಕೈ ಬುಟ್ಟೆ" ಎಂದು ಎರಡೂ ಕೈಯನ್ನು ತನ್ನ ಬೆನ್ನ ಹಿಂದೆ ಕಟ್ಟಿಕೊಂಡಳು.

ಎಷ್ಟೋ ಹೊತ್ತಿನ ಮೇಲೆ ಕೋಮಲ ಕಣ್ಣು ತೆರೆದಳು. "ಅಕ್ಕಂಗೆ ಏಳು ಓಗು, ನಂಬಾಳೇನೋ ನೋಡ್ತೀನಿ ಅಂದ್ರು. ನನ್ನ ಸೊಂಟದ ಮ್ಯಾಲೆ ಒತ್ತು ಸಾಕ್ದೋಳು, ನಿನ್ನ ಆಚ್ಗೆ ಆಕ್ತಾಳೆ ಅಂದ್ರು. ಅದ್ಕೇ ಏಳ್ನಿಲ್ಲ. ಬಾವಿ ತಾವ್ಲೂ ಓಗಿ ನಿಂತಿದ್ದೆ ಅತ್ತೆ."

 ಪುಟ್ಟಗೌರಮ್ಮ ಸಾಕಿದ್ದನ್ನೇ ಅವನು ಹತಾರ ಮಾಡಿಕೊಂಡಿದ್ದ. "ನಾನು ನಂಬ್ತೀನಿ" ಎಂದಳು.  ಇನ್ನೊಮ್ಮೆ ಅದನ್ನೇ ಹೇಳಿದಳು. "ಬಾವಿ ತಾವ್ಕೆ ಮಾತ್ರ ಓಗ್ಬ್ಯಾಡ. ಅಂಗ್ ಅನ್ಸುದ್ರೆ ನನ್ನ ಎಬ್ಬುಸು, ಯಾವ್ ಒತ್ನಲ್ಲಾದ್ರೂ ಸರಿ."

"ಯಾರ್ಗೂ ಏಳ್ಬ್ಯಾಡಿ ಅತ್ತೆ. ನಿಮ್ಮ ದಮ್ಮಯ್ಯ. ಅವ್ರಿಗೂ ಏಳ್ಬ್ಯಾಡಿ." ಅವರು ಎಂದರೆ ಗಂಡ.

"ನೀನು ಏಳು ಅನ್ನೋಗಂಟ ನನ್ ಬಾಯಿಂದ ಒಂದ್ ಮಾತು ಆಚ್ಗೆ ಬರಾಕಿಲ್ಲ."

ಅಷ್ಟರಲ್ಲಿ ಬೀದಿಯಲ್ಲಿ ಗೂಡ್ಸ್ ಆಟೋ ಹಾರನ್ ಕೂಗಿತು. ಕೋಮಲ ಸೊಪ್ಪಿನ ರಾಶಿಯ ಹಿಂದಕ್ಕೆ ಸರಿದು ಮುದುಡಿಕೊಂಡಳು. ಪುಟ್ಟಗೌರಮ್ಮ ಎದ್ದಳು. ಬಾಗಿಲಾಚೆ ತಟ್ಟೆಗಳ ತುಂಬ ಹಣ್ಣು ಹುಳ ಕಾಯುತ್ತಿವೆ. ಚಂದ್ರಿಕೆ ಇರುವುದು ಆ ಆಟೋದಲ್ಲಿ. ಅದನ್ನು ಇಳಿಸಿಕೊಂಡರೆ ಅವನನ್ನೂ ಒಳಗೆ ಬಿಟ್ಟುಕೊಳ್ಳಬೇಕು. ಇಳಿಸಿಕೊಳ್ಳದಿದ್ದರೆ ಬೆಳೆ ಮಣ್ಣುಪಾಲು, ಯಾಕೆಂದು ಕೇಳಿದವರಿಗೆ ಹೇಳಲು ಬಾಯಿಲ್ಲ. ಈಗಷ್ಟೇ ಮಾತು ಕೊಟ್ಟಾಗಿದೆ.

ಮಾದಸ್ವಾಮಿ ಹಿತ್ತಿಲಿಗೆ ಬಂದವನೇ ಚಪ್ಪಲಿ ಬಿಟ್ಟು, ಅಭ್ಯಾಸದಂತೆ ಬಾಂಡಲಿಯ ಕಡೆ ಕಾಲು ಚಾಚಿದ. ಪುಟ್ಟಗೌರಮ್ಮ ಬಾಂಡಲಿಯನ್ನು ಕಾಲಿನಿಂದ ಒದ್ದಳು. ನೀರು ಅವನ ಪಂಚೆಗೆ ಎರಚಿತು.

"ಏನಕ್ಕ ಇದು?"

"ಒಳಕ್ ಬರ್ಬ್ಯಾಡ. ಚಂದ್ರಿಕೆ ತಕ್ಕಂಡು ಓಗು."

ಅವನು ನಕ್ಕ. "ಉಳ ಅಣ್ಣಾಗವೆ, ತಮಾಸೆ ಮಾಡ್ತೀಯಲ್ಲ."

"ಒಳಚಿಲ್ಕ ಯಾಕ್ಲಾ ಮಡುಗ್ಸುದ್ದೆ?"

"ಊಜಿ ನೊಣಕ್ಕೆ ಅಂತ ಆಗ್ಲೇ ಏಳಿದ್ನಲ್ಲಕ್ಕ."

"ನೊಣ ಚಿಲ್ಕ ತಗ್ದು ಬತ್ತದೇನ್ಲಾ?" ಪುಟ್ಟಗೌರಮ್ಮನ ದನಿ ಜೋರಾಗಲಿಲ್ಲ. ಜೋರಾಗಿದ್ದರೆ ಅವನಿಗೆ ಸಮಾಧಾನವಿರುತ್ತಿತ್ತು. ಅಕ್ಕನ ಕಣ್ಣು ನೋಡಿದ, ಸೊಪ್ಪಿನ ಕೊಠಡಿಯ ಕಡೆ ನೋಡಿದ. ನಗು ಅಳಿಸಿಹೋಯಿತು. ಹತ್ತಿರ ಬಂದು ಪಿಸುಗುಟ್ಟಿದ: "ಯಾರೇನ್ ಏಳುದ್ರು ನಿಂಗೆ? ಈಗಿನ ಕಾಲದ ಉಡ್ಗೀರ್ನ ನಂಬ್ಕಂಡು ಒಡುಟ್ಟಿದ ತಮ್ಮನ್ನ..."

"ಇನ್ನೊಂದ್ ಮಾತಾಡುದ್ರೆ ಊರ್ನೇ ಕೂಗ್ತೀನಿ. ನಡಿಯಲೇ ಆಚ್ಗೆ."

ಗದ್ದಲ ಕೇಳಿ ಪುಟ್ಟಸಿದ್ದಯ್ಯ, ಮಾದೇವಮ್ಮ ಹೊರಬಂದರು. ಮಾದಸ್ವಾಮಿ ಪಂಚೆ ಕೊಡವಿಕೊಂಡು, "ನಿಮ್ಮ ಎಡ್ತಿಗೆ ತಲೆ ಕೆಟ್ಟದೆ ಬಾವ, ನೋಡ್ಕಳಿ" ಎಂದವನೇ ಆಟೋ ತಿರುಗಿಸಿಕೊಂಡು ಹೊರಟುಹೋದ. ಪುಟ್ಟಸಿದ್ದಯ್ಯ ಹೆಂಡತಿಯ ಮುಖ, ಬರಿದಾದ ಬೀದಿ, ಹುಳದ ತಟ್ಟೆ ಮೂರನ್ನೂ ನೋಡಿ ತಲೆ ಮೇಲೆ ಕೈ ಹೊತ್ತ. "ಚಂದ್ರಿಕೆ ಇಲ್ದೆ ಏನ್ ಮಾಡಾದು? ಏನಾಯ್ತು ಅಂತ ಬಾಯ್ಬುಟ್ಟು ಏಳೇ!"

ಪುಟ್ಟಗೌರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹಿತ್ತಿಲಿನಲ್ಲಿ ಒಟ್ಟಿದ್ದ ಒಣ ತೊಗರಿ ಕಡ್ಡಿಯ ಹೊರೆ ಎಳೆದು ತಂದು ಹುಳದ ಮೇಲೆ ಹರಡಿದಳು. ತೆಂಗಿನ ಗರಿ ಕೊಯ್ದು ಹಾಕಿದಳು. ಮಾದೇವಮ್ಮನೂ ತನ್ನ ಹೊಲದಿಂದ ಕಡ್ಡಿ ತಂದಳು. ಅರ್ಧದಷ್ಟು ಹುಳ ಹೇಗೋ ಕಡ್ಡಿ ಹತ್ತಿದವು, ಉಳಿದವು ಕಸದಲ್ಲೇ ಸುತ್ತಿಕೊಂಡವು. ಆ ಗೂಡು ಮಾರುಕಟ್ಟೆಯಲ್ಲಿ ಯಾರೂ ಮೂಸಿ ನೋಡದಂಥದ್ದೆಂದು ಆಕೆಗೆ ಗೊತ್ತಿತ್ತು.

ಸಂಜೆ ರಂಗರಾಜು ಬರುವ ಹೊತ್ತಿಗೆ ಪುಟ್ಟಸಿದ್ದಯ್ಯ ಜಗಲಿಯ ಮೇಲೆ ನಿಂತು ಹೆಂಡತಿಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ಬೆಳೆ ಕಳೆದಳು, ತಮ್ಮನನ್ನು ಬೀದಿಯಲ್ಲಿ ಅವಮಾನ ಮಾಡಿದಳು, ಕೇಳಿದರೆ ಕಲ್ಲಿನ ಹಾಗೆ ಕೂತಿದ್ದಾಳೆ. ಮಾದಸ್ವಾಮಿ ಆಗಲೇ ಬಾವನಿಗೆ ಫೋನು ಮಾಡಿ, ತವರಿನ ಜಮೀನಿನಲ್ಲಿ ಪಾಲು ಬೇಕೆಂದು ಅಕ್ಕ ಜಗಳ ತೆಗೆದಳೆಂದು ಹಚ್ಚಿಕೊಟ್ಟಿದ್ದ. "ಔದಾ? ಆಸ್ತಿಗೋಸ್ಕರನಾ?" ಎಂದು ಗಂಡ ಕೂಗಿದ. ಪುಟ್ಟಗೌರಮ್ಮ ತಲೆ ತಗ್ಗಿಸಿ ಬೈಗುಳ ತಿಂದಳು. ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ ಆಕೆ!

ನಡುಮನೆಯ ಬಾಗಿಲಲ್ಲಿ ಕೋಮಲ ಬಂದು ನಿಂತಳು. ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಅತ್ತೇನ ಬೈಬ್ಯಾಡಿ ಮಾವ. ಅವ್ರು ನನ್ಗೋಸ್ಕರ ಸುಮ್ಕವ್ರೆ."

ಅವಳು ಅತ್ತೆಯನ್ನು ನೋಡಿದಳು. ಪುಟ್ಟಗೌರಮ್ಮ ಹೇಳು ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಎದ್ದು ಹೋಗಿ ಪಕ್ಕದಲ್ಲಿ ನಿಂತಳು. ಕೋಮಲ ಹೇಳಿದಳು. ಕಡಿಮೆ ಮಾತಿನಲ್ಲಿ, ಗೋಡೆ ನೋಡುತ್ತ, ಆದರೆ ಹೇಳಿದಳು. ಪುಟ್ಟಸಿದ್ದಯ್ಯ ಜಗಲಿಯ ಕಟ್ಟೆಯ ಮೇಲೆ ಕುಸಿದು ಕೂತ. ರಂಗರಾಜು, "ಇಷ್ಟ್ ದಿವ್ಸ ಯಾಕ..." ಎಂದು ಶುರು ಮಾಡಿದ.

"ಅದ್ನ ಕೇಳ್ಬ್ಯಾಡ" ಎಂದಳು ಪುಟ್ಟಗೌರಮ್ಮ. "ಈಗ ಏಳವ್ಳೆ. ಅಷ್ಟು ಸಾಕು."

ರಂಗರಾಜು ಹೆಂಡತಿಯ ಹತ್ತಿರ ಹೋಗಲು ಹೆಜ್ಜೆ ಎತ್ತಿದವನು ಅಲ್ಲೇ ನಿಂತು, "ಬರ್ಲಾ?" ಎಂದು ಕೇಳಿದ. ಅವಳು ತಲೆಯಾಡಿಸಿದ ಮೇಲೇ ಹೋದ.

ಕೊಳ್ಳೇಗಾಲದ ಆ ಲೇಡಿ ಡಾಕ್ಟರ ಮುಂದೆ ಪುಟ್ಟಗೌರಮ್ಮ ಮತ್ತೆ ಹೋದಳು. "ಅವತ್ತು ಆಚೆ ಕೂತ್ಕಳಿ ಅಂದ್ರಿ, ನಾನು ಕೂತ್ಕನಿಲ್ಲ. ಇವತ್ತು ಕೂತ್ಕತೀನಿ" ಎಂದು ತಾನೇ ಬಾಗಿಲು ಎಳೆದುಕೊಂಡು ಹೊರಬಂದಳು. ಡಾಕ್ಟರು ಆಶಾರಾಣಿ ಎಂಬ ಆಪ್ತಸಮಾಲೋಚಕಿಯ ಬಳಿ ಕಳಿಸಿದರು. ಮೊದಮೊದಲು ಕೋಮಲ ಅಲ್ಲಿ ಬ್ಯಾಗಿನ ದಾರ ತಿರುಚುತ್ತ ಸುಮ್ಮನೆ ಕೂತು ಎದ್ದು ಬರುತ್ತಿದ್ದಳು. ಆಶಾರಾಣಿಯೂ ಬಲವಂತ ಮಾಡಲಿಲ್ಲ. ನಿದ್ದೆ ಬರುವುದಕ್ಕೇ ತಿಂಗಳುಗಳು ಬೇಕಾದವು. ಒಂದಷ್ಟು ದಿನ ಚೆನ್ನಾಗಿದ್ದು ಮತ್ತೆ ಮುದ್ದೆ ಮುರಿಯುತ್ತ ಕೂರುವಳು. ಅಂಥ ದಿನ ಮನೆಯವರಿಗೆಲ್ಲ ಜೀವ ಕೈಯಲ್ಲಿ. ಪೊಲೀಸರಿಗೆ ದೂರು ಕೊಡುವ ಮಾತು ಎತ್ತಿದವಳು ಕೋಮಲಳೇ. ಕೇಸು ಇನ್ನೂ ಕೋರ್ಟಿನಲ್ಲಿದೆ, ಮಾದಸ್ವಾಮಿ ಜಾಮೀನಿನ ಮೇಲೆ ಹೊರಗಿದ್ದಾನೆ. ಅವನ ಪರವಾಗಿ ನಾಲ್ಕು ಜನ ಬಂದು, ಮನೆತನದ ಮಾನ ಎಂದೆಲ್ಲ ಬುದ್ಧಿ ಹೇಳಿದರು. ಪುಟ್ಟಗೌರಮ್ಮ ಅವರಿಗೆ ನೀರೂ ಕೊಡದೆ ಕಳಿಸಿದಳು. ಸೊಸೆಯನ್ನು ತಲೆ ಡಾಕ್ಟರ ಹತ್ತಿರ ಕರೆದೊಯ್ಯುತ್ತಾಳೆಂದು ಆಡಿಕೊಂಡವರಿಗೆ, "ಊಂ ಕಣವ್ವ, ಕರ್ಕಂಡೋಯ್ತೀನಿ. ನೀನೂ ಬತ್ತೀಯಾ, ಬಸ್ಸಲ್ಲಿ ಜಾಗ ಅದೆ" ಎಂದಳು.

ಗೌರಿ ಹಬ್ಬ ಬಂತು, ಬಾಗಿನ ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಆಕೆ ಬೆಳಿಗ್ಗೆಯಿಂದ ಬೀದಿಯ ಕಡೆಗೆ ಬೆನ್ನು ಮಾಡಿಕೊಂಡು ಕೂತಿದ್ದಳು. ಸೊಂಟದ ಮೇಲೆ ಹೊತ್ತ ಕೂಸು ಅದು, ಹೊಟ್ಟೆ ಉರಿಯದೆ ಇರುತ್ತದೆಯೇ? ಮಧ್ಯಾಹ್ನ ಒಲೆಯ ಮುಂದೆ ಕೂತು ಗಟ್ಟಿಯಾಗಿ ಅತ್ತಳು. ಕೋಮಲ ಬಂದು ಪಕ್ಕದಲ್ಲಿ ಕೂತಳು. ಒಲೆಗೆ ಸೌದೆ ಮುಂದೂಡಿದಳು.

ಹಬ್ಬ ಕಳೆದ ಮೇಲಿನ ಬೆಳೆಗೆ ಚಾಕಿ ಹುಳ, ಚಂದ್ರಿಕೆ ಎರಡೂ ಕೊಳ್ಳೇಗಾಲದಿಂದ ಬಂದವು. ಚಿಲಕವನ್ನು ರಂಗರಾಜು ಎಂದೋ ಕಿತ್ತುಹಾಕಿದ್ದ, ಮೊಳೆ ಬಿಚ್ಚಿದ ತೂತುಗಳಷ್ಟೇ ಉಳಿದಿದ್ದವು. ಹುಳ ಕೊನೆಯ ಜ್ವರ ಎದ್ದು ಭರ್ತಿ ಮೇಯುವ ಸಮಯ. ಪುಟ್ಟಗೌರಮ್ಮ ಒಬ್ಬಳೇ ಸೊಪ್ಪು ಹಾಕುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಕೋಮಲ ಹೊಸ್ತಿಲಾಚೆ ನಿಂತಿದ್ದಳು. ಆವತ್ತಿನಿಂದ ಅವಳು ಅಷ್ಟು ಹತ್ತಿರ ಬಂದದ್ದೇ ಇಲ್ಲ.

"ಅತ್ತೆ, ನಾನಿವತ್ತು ಮುಟ್ಟಾಗಿವ್ನಿ" ಎಂದಳು. ಸ್ವಲ್ಪ ತಡೆದು, "ಇವತ್ತು ನಿಜ್ವಾಗ್ಲೂ" ಎಂದಳು. "ಆದ್ರೂ ಒಳಕ್ ಬರ್ಬೇಕು ಅನ್ನುಸ್ತದೆ. ಇವತ್ತು ಬುಟ್ರೆ ಮತ್ತೆ ಧೈರ್ಯ ಬತ್ತದೋ ಇಲ್ವೋ. ಬರ್ಲಾ?"

ಪುಟ್ಟಗೌರಮ್ಮ ಕೈಯಲ್ಲಿದ್ದ ಸೊಪ್ಪು ಹಿಡಿದು ನಿಂತಳು. ಅತ್ತೆ, ಅತ್ತೆಯ ಅತ್ತೆ ನಡೆಸಿಕೊಂಡು ಬಂದದ್ದು ನೆನಪಾಯಿತು. ಆ ಕಟ್ಟಲೆಯಲ್ಲಿ ಯಾರನ್ನು ಹೊರಗಿಟ್ಟಿದ್ದೆವು, ಯಾರನ್ನು ಒಳಗೆ ಬಿಟ್ಟುಕೊಂಡಿದ್ದೆವು ಎಂಬುದೂ ನೆನಪಾಯಿತು.

"ಕಾಲ್ ತೊಳ್ಕಂಡು ಬಾ" ಎಂದಳು.

ಕೋಮಲ ಬಾಂಡಲಿಯಲ್ಲಿ ಕಾಲು ಅದ್ದಿ ಹೊಸ್ತಿಲು ದಾಟಿದಳು. ಒಳಗೆ ಬಂದು ನಿಂತು ಹಿಂತಿರುಗಿ ನೋಡಿದಳು.

"ಬಾಗ್ಲು ತಗ್ದೇ ಇರ್ಲಿ ಅತ್ತೆ. ಆದ್ರೆ ನೊಣ ಬಂದ್ರೆ?"

"ಬಂದ್ರೆ ಒಡ್ದಾಕವ ಬುಡು" ಎಂದು ಪುಟ್ಟಗೌರಮ್ಮ ಸೊಪ್ಪಿನ ಪುಟ್ಟಿಯನ್ನು ಸೊಸೆಯ ಕಡೆ ಸರಿಸಿದಳು.